ಥೈರಾಯ್ಡ್ ಸರಿಯಾದ ಮೇಲೆ ಹೇಳಿ

"ನಿಜ ಹೇಳಿ ಸೊರಾ ಅವರೇ! ಈ ಎರಡು ವಾರದಲ್ಲಿ ಕಡಲಸೊಪ್ಪು ತಿಂದಿದೀರಾ, ಇಲ್ವಾ?"

"ತಿಂದಿಲ್ಲ! ಅಮ್ಮನಾಣೆಗೂ ತಿಂದಿಲ್ಲ!"

ಮೇಜಿನ ಆಚೆ ಕುಳಿತಿದ್ದವನು ಆಸ್ಪತ್ರೆಯ ಆಹಾರ ತಜ್ಞ ಗೊನ್‌ಹೊ. ಈಚೆ ಕುಳಿತಿದ್ದ ಸೊರಾಳ ಥೈರಾಯ್ಡ್ ಸ್ಕ್ಯಾನ್ ಆಗಷ್ಟೇ ಸ್ಪಷ್ಟವಾಗಿ ಬಾರದೆ ಕೆಟ್ಟಿತ್ತು. ಸ್ಕ್ಯಾನಿಗೆ ಮುಂಚೆ ಎರಡು ವಾರ ಕಡಲಸೊಪ್ಪಿನಂಥ ಅಯೋಡಿನ್ ಹೆಚ್ಚಿರುವ ಏನನ್ನೂ ಬಾಯಿಗೆ ಹಾಕಬಾರದು. ಬೂಸಾನ್ ಪಕ್ಕದ ಕಡಲೂರು ಗಿಜಾಂಗಿನಲ್ಲಿ, ಅದೂ ಕಡಲಸೊಪ್ಪು ಒಣಗಿಸಿ ಮಾರುವವರ ಮನೆಮಗಳಿಗೆ ಈ ಪಥ್ಯ! ಹೇಳುವವರಿಗೇನು, ಹೇಳಿಬಿಡುತ್ತಾರೆ.

ಗೊನ್‌ಹೊ ಕನ್ನಡಕ ಸರಿಮಾಡಿಕೊಂಡು ಅವಳ ಕಣ್ಣನ್ನೇ ನೋಡಿದ.

ಸೊರಾಳ ಎದೆ ಡಬಡಬ ಎಂದಿತು. ಅಂಗೈ ಬೆವರಿತು. ಬೆರಳು ನಡುಗಿತು.

'ಅಯ್ಯೋ ದೇವರೇ... ಇಪ್ಪತ್ತೊಂಬತ್ತನೇ ವರ್ಷಕ್ಕೆ ಕೊನೆಗೂ ಬಂತು... ಪ್ರೀತಿ!'

"ನಿನ್ನೆ ಏನು ತಿಂದ್ರಿ?"

"ಅಮ್ಮ ಮಾಡಿದ ನೂಡಲ್ಸ್ ಸಾರು."

ಹಿಂದಿನ ಕುರ್ಚಿಯಲ್ಲಿದ್ದ ಅಮ್ಮ ಧಡಕ್ಕನೆ ಎದ್ದಳು. "ನನ್ನ ಸಾರಿಗೇನಾಗಿದೆ? ಕಡಲಸೊಪ್ಪು ಹಾಕಿ ಕುದಿಸಿದ್ದು ನಿಜ. ಆದ್ರೆ ಕುದಿದ ಮೇಲೆ ಒಂದು ಚೂರೂ ಬಿಡದೆ ಎಲ್ಲಾ ತೆಗೆದು ಬಿಸಾಕಿದೀನಪ್ಪಾ!"

ಗೊನ್‌ಹೊ ಹಣೆ ಚಚ್ಚಿಕೊಂಡ. "ಅಮ್ಮಾ, ಟೀ ಸೋಸಿ ಸೊಪ್ಪು ಬಿಸಾಕಿದ್ರೆ ಲೋಟದಲ್ಲಿ ಉಳಿಯೋದು ಬರೀ ಬಿಸಿನೀರಾ?"

ಅಮ್ಮ ಮೆಲ್ಲಗೆ ಮತ್ತೆ ಕುರ್ಚಿಯಲ್ಲಿ ಕುಳಿತಳು.

ಇನ್ನೆರಡು ವಾರ ಪಥ್ಯ ಎಂದಾಯಿತು. ಈ ಅಮ್ಮ ಮಗಳನ್ನು ನಂಬಿ ಬಿಡುವ ಧೈರ್ಯ ಗೊನ್‌ಹೊನಿಗೆ ಇರಲಿಲ್ಲ. ದಿನಾ ಸಂಜೆ ಫೋನ್ ಮಾಡಿದ. "ಊಟಕ್ಕೇನು? ಸಾರಿಗೆ ಏನು ಹಾಕಿದ್ರು? ಉಪ್ಪು ಯಾವುದು?"

ಬೇರೆ ಹುಡುಗಿಯರಿಗೆ ಹೂವು ಬರುತ್ತದೆ, ಕವನ ಬರುತ್ತದೆ. ನಮ್ಮ ಸೊರಾಳಿಗೆ ಉಪ್ಪಿನ ವಿಚಾರಣೆ ಬಂತು. ಅವಳಿಗೆ ಅದೇ ಸಾಕಾಗಿತ್ತು. ಅನ್ನ, ಮೂಲಂಗಿ ಎಂದು ಎರಡು ಮಾತಿನಲ್ಲಿ ಮುಗಿಯಬೇಕಾದದ್ದು ದಿನ ಕಳೆದಂತೆ ಅರ್ಧ ಗಂಟೆಯಾಯಿತು. ಅವನೂ ಫೋನ್ ಇಡಲಿಲ್ಲ ಎನ್ನುವುದನ್ನು ಗಮನಿಸಿ.

ಎರಡನೇ ಸ್ಕ್ಯಾನ್ ಕೆಡದೆ ಸ್ಪಷ್ಟವಾಗಿ ಬಂತು. ಆ ದಿನವೇ ಸೊರಾ ಅವನ ಕೋಣೆಗೆ ನುಗ್ಗಿ ಕಣ್ಣುಮುಚ್ಚಿ ಹೇಳಿಬಿಟ್ಟಳು.

"ನಿಮ್ಮನ್ನ ನೋಡಿದ್ರೆ ಎದೆ ಹೊಡ್ಕೊಳ್ಳುತ್ತೆ. ಬೆವರುತ್ತೆ. ಕೈ ನಡುಗುತ್ತೆ. ನಿದ್ದೆ ಬರಲ್ಲ. ನಾನು... ನಿಮ್ಮನ್ನ ಪ್ರೀತಿಸ್ತಿದೀನಿ!"

ಗೊನ್‌ಹೊನ ಕಿವಿ ಕೆಂಪಾಯಿತು. 'ನಾನೂ' ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವನು ಡ್ರಾಯರ್ ಎಳೆದು ಒಂದು ಕರಪತ್ರ ಅವಳ ಮುಂದಿಟ್ಟ.

"ನೋಡಿ... ನೀವು ಹೇಳಿದ ನಾಲ್ಕೂ ಇಲ್ಲಿದೆ. ನಿಮ್ಮ ಹಾಗೆ ಥೈರಾಯ್ಡ್ ಹಾರ್ಮೋನ್ ಜಾಸ್ತಿ ಆದ್ರೆ ಹೀಗೇ ಆಗುತ್ತೆ. ಮೊದಲು ಅದು ಸರಿಹೋಗ್ಲಿ. ಆಮೇಲೂ ಹಾಗೇ ಅನ್ಸಿದ್ರೆ... ಹೇಳಿ."

'ನಾನು ಹೃದಯ ಕೊಟ್ಟೆ, ಇವನು ಕರಪತ್ರ ಕೊಟ್ಟ!'

ಅವಮಾನದಿಂದ ಕಣ್ಣು ತುಂಬಿ ಬಂತು. ಬೇಡ ಎನ್ನುವುದಕ್ಕೆ ಇದೊಂದು ನಯವಾದ ದಾರಿ ಎಂದೇ ಅವಳು ತಿಳಿದಳು. ಆಮೇಲೆ ಅವನ ಫೋನ್ ಬಂದರೂ ಎತ್ತಲಿಲ್ಲ.

ಡಾಕ್ಟರು ಹಾರ್ಮೋನ್ ತಗ್ಗಿಸುವ ಗುಳಿಗೆ ಬರೆದುಕೊಟ್ಟರು. ದಿನಾ ಬೆಳಿಗ್ಗೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಸೊರಾ ನೋಡುತ್ತಾ ಕೂರುತ್ತಿದ್ದಳು. 'ಇದನ್ನ ನುಂಗಿದ್ರೆ ಅವನೂ ಹೊರಟುಹೋಗ್ತಾನಾ? ಇದ್ದ ಒಂದೇ ಒಂದು ಪ್ರೀತಿ... ಅದೂ ಕಾಯಿಲೆಯಾ?'

"ನುಂಗೇ!" ಅಮ್ಮ ಗದರುತ್ತಿದ್ದಳು. "ಗುಳಿಗೆಗೆ ಹೋಗೋ ಪ್ರೀತಿ ಆದ್ರೆ ಹೋಗ್ಲಿ ಬಿಡು. ನಿಮ್ಮಪ್ಪನ ಮೇಲಿರೋದು ಹೋಗ್ಲಿ ಅಂತ ಎಷ್ಟು ಸಲ ಅಂದ್ಕೊಂಡೆ, ಹೋಯ್ತಾ?"

ನಾಲ್ಕು ತಿಂಗಳು ಕಳೆಯಿತು. ಇಳಿದಿದ್ದ ತೂಕ ಮತ್ತೆ ಬಂತು, ನಿದ್ದೆ ಬಂತು. ರಕ್ತಪರೀಕ್ಷೆಯಲ್ಲಿ ಎಲ್ಲವೂ ಸರಿ ಎಂದು ಬಂದ ದಿನ ಸೊರಾ ರಿಪೋರ್ಟ್ ಹಿಡಿದು ಗೊನ್‌ಹೊನ ಕೋಣೆಯ ಬಾಗಿಲು ತಳ್ಳಿದಳು.

ಅದೇ ಕನ್ನಡಕ. ಅದೇ ನೋಟ.

ಎದೆ ಹೊಡೆದುಕೊಳ್ಳಲಿಲ್ಲ. ಕೈ ನಡುಗಲಿಲ್ಲ. ಅವಳು ಒಂದು ನಿಮಿಷ ಕಾದಳು. ಊಹೂಂ!

'ಹೋಯ್ತು... ನಿಜವಾಗಿಯೂ ಬರೀ ಹಾರ್ಮೋನೇ ಆಗಿತ್ತು!'

ಬಿಕ್ಕಿ ಬಿಕ್ಕಿ ಅತ್ತಳು. ಗೊನ್‌ಹೊ ಗಾಬರಿಯಿಂದ ಎದ್ದು ಅವಳ ಕೈಯಿಂದ ರಿಪೋರ್ಟ್ ತೆಗೆದು ನೋಡಿದ. "ಯಾಕೆ ಅಳ್ತಿದೀರಾ? ರಿಪೋರ್ಟ್ ಸರಿಯಾಗಿದೆಯಲ್ಲಾ!"

"ಸರಿಯಾಗಿದೆ, ಅದಕ್ಕೇ! ನಿಮ್ಮನ್ನ ನೋಡಿದ್ರೆ ಏನೂ ಆಗ್ತಿಲ್ಲ!"

ಅವನ ಮುಖ ಬಾಡಿತು. "ಏನೂ ಅಂದ್ರೆ... ಏನೇನೂ ಇಲ್ವಾ?"

"ಏನೂ ಇಲ್ಲ! ಆರಾಮಾಗಿದೀನಿ. ನಮ್ಮ ಬೆಕ್ಕು ಕಡಲಸೊಪ್ಪಿನ ಬುಟ್ಟೀಲಿ ಮರಿ ಹಾಕ್ತು, ಅದನ್ನ ನಿಮಗೆ ಹೇಳ್ಬೇಕು ಅಂತ ಬಸ್ಸಲ್ಲಿ ಒಬ್ಬಳೇ ನಗ್ತಾ ಬಂದೆ. ಏನೇ ಆದ್ರೂ ಮೊದಲು ನಿಮಗೇ ಹೇಳ್ಬೇಕು ಅನ್ಸುತ್ತೆ. ನಿಮ್ಮ ಪಕ್ಕ ಸುಮ್ನೆ ಕೂತಿರ್ಬೇಕು ಅನ್ಸುತ್ತೆ. ಅಷ್ಟೇ! ಬೇರೇನೂ..."

ಸೊರಾ ತಟ್ಟನೆ ಮಾತು ನಿಲ್ಲಿಸಿದಳು. ತಾನು ಏನು ಹೇಳಿದೆ ಎನ್ನುವುದು ಅವಳಿಗೇ ಆಗ ಅರ್ಥವಾಯಿತು. ಪ್ರೀತಿ ಎಲ್ಲಿಗೂ ಹೋಗಿರಲಿಲ್ಲ. ಗಲಾಟೆ ಮಾತ್ರ ನಿಂತಿತ್ತು.

ಮೆಲ್ಲಗೆ ತಲೆ ಎತ್ತಿದರೆ ಎದುರಿನ ಮನುಷ್ಯ ಪೂರ್ತಿ ಬೆವೆತುಹೋಗಿದ್ದ. ಅವಳ ರಿಪೋರ್ಟ್ ಅವನ ಕೈಯಲ್ಲಿ ಪಟಪಟ ನಡುಗುತ್ತಿತ್ತು.

"ಅಯ್ಯೋ! ನಿಮಗೂ ಥೈರಾಯ್ಡಾ?"

"ಅಲ್ಲ." ಗೊನ್‌ಹೊ ತಲೆ ತಗ್ಗಿಸಿದ. "ನನಗೂ ಅದೇ ಅನುಮಾನ ಬಂದು ಪರೀಕ್ಷೆ ಮಾಡಿಸ್ಕೊಂಡೆ."

"ಯಾವಾಗ?"

"ನೀವು ಮೊದಲ ಸಲ ಬಂದು ಹೋದ ದಿನ. ಆಮೇಲೆ ಇನ್ನೂ ಎರಡು ಸಲ."

"ಏನು ಬಂತು?"

"ಮೂರು ಸಲವೂ... ಯಾವ ಕಾಯಿಲೆಯೂ ಇಲ್ಲ ಅಂತ ಬಂತು ಸೊರಾ."