ಪಿಡಿಎಫ್ ಮಾಡಿಕೊಡದ ಹುಡುಗ

"ಇದನ್ನ ಓದ್ರಿ ನೋಡೋಣ!"

ರೋಜಾ ಮೊಬೈಲನ್ನು ಕೌಂಟರಿನ ಮೇಲೆ ಕುಕ್ಕಿದಳು. ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣದ ಎದುರಿನ ಟೈಪಿಂಗ್ ಅಂಗಡಿ ಅದು. ಅಂಗಡಿಯವನಾದ ಕನಕರಾಜ ಬೆಚ್ಚಿಬಿದ್ದು ನೋಡಿದ.

ಅವನೇ ಟೈಪು ಮಾಡಿದ ಅವಳ ರೆಸ್ಯೂಮ್. ಹೆಸರಿದ್ದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಗೆರೆ, ಚುಕ್ಕಿ... ಕನ್ನಡದ ಒಂದಕ್ಷರವೂ ಇರಲಿಲ್ಲ.

"ಕೆಲಸಕ್ಕ ಅರ್ಜಿ ಹಾಕಿದ್ನೆಲ್ಲ, ಆ ಹಡಗಲಿ ಉಣ್ಣೆ ಸಂಘದ ಸುಕನ್ಯಾ ಮೇಡಂ ಫೋಟೋ ಹೊಡದು ಕಳಿಸ್ಯಾರ. ನಿಮ್ಮ ಫಾಂಟ್ ಅವರ ಕಂಪ್ಯೂಟರ್‌ನಾಗ ಇಲ್ಲಂತ. ವರ್ಡ್ ಫೈಲ್ ಕಳಿಸಿದ್ರ ಹಿಂಗ ಆಗತೈತಂತ. ಪಿಡಿಎಫ್ ಆದ್ರ ಎಲ್ಲಿ ತಗದ್ರೂ ಇದ್ದಂಗ ಇರತಿತ್ತಂತ!"

ಅವನ ಮುಖ ಬಿಳಿಚಿಕೊಂಡಿತು.

ನಾಲ್ಕು ತಿಂಗಳು. ಆರು ಅರ್ಜಿ. ಮೊದಲ ಐದಕ್ಕೆ ಉತ್ತರವೇ ಇಲ್ಲ. 'ನನ್ನಲ್ಲೇ ಏನೋ ಕೊರತೆ...' ಎಂದು ತನ್ನೂರು ಇಟ್ಟಿಗಿಯ ಬಸ್ಸಿನಲ್ಲಿ ಅದೆಷ್ಟು ಸಲ ಅತ್ತಿದ್ದಳು! ಚಹಾ ತರಿಸಿ ಸಮಾಧಾನ ಹೇಳುತ್ತಿದ್ದವನೂ ಇವನೇ.

"ಮೊದಲ ದಿನಾನ ಪಿಡಿಎಫ್ ಕೇಳಿದ್ನಿ. 'ವರ್ಡ್ ಇದ್ರ ತಿದ್ದಾಕ ಬರತೈತಿ, ಪ್ರತಿ ಸಲ ಇಲ್ಲೇ ಬಾ' ಅಂದ್ರಿ. ಯಾಕ?"

"ಅಕ್ಷರ ಒಡೀತಾವಂತ ಗೊತ್ತಿರಲಿಲ್ಲ ರೋಜಾ. ಎಲ್ಲಾ ಕಡಿ ಈ ಫಾಂಟ್ ಇರತೈತಿ ಅನ್ಕೊಂಡಿದ್ನಿ."

"ನಾ ಕೇಳಿದ್ದು, ಯಾಕ ಅಂತ!"

"ಪಿಡಿಎಫ್ ಕೊಟ್ರ ಮೊಬೈಲ್‌ದಾಗ ಇಟ್ಕೊಂಡು ನೀನ ಕಳಿಸ್ತಿದ್ದಿ... ಮತ್ತ ಈ ಕಡಿ ಬರತಿರಲಿಲ್ಲ."

ಪ್ರೀತಿ ಹೇಳಲು ಬಾಯಿ ಬಾರದವನಿಗೆ ಫೈಲು ಬಚ್ಚಿಡಲು ಮಾತ್ರ ಬಂತು ನೋಡಿ!

ರೋಜಾ ಈ ಮಾತಿಗಾಗಿಯೇ ಕಾದಿದ್ದಳು... ಆದರೆ ಹೀಗಲ್ಲ!

"ನನ್ನ ನೋಡಾಕ ಅಂತ ನನ್ನ ಬದುಕಿಗೇ ಅಡ್ಡ ನಿಂತ್ರಿ. ನಿಮ್ಮನ್ನ ಎಷ್ಟು ನಂಬಿದ್ನಿ..."

ಹಡಗಲಿಯ ಅರ್ಜಿಗೆ ಸಂಜೆ ಐದಕ್ಕೆ ಗಡುವು. ಆಗಲೇ ನಾಲ್ಕೂವರೆ. ಕನಕರಾಜ ಪಿಡಿಎಫ್ ಮಾಡಿ ಅವಳ ಮೊಬೈಲಿಗೆ ಹಾಕಿದ. ಅವಳು ಒಂದೊಂದು ಸಾಲೂ ಓದಿ, ತಾನೇ ಕಳಿಸಿದಳು.

"ಇನ್ನ ನಿಮ್ಮ ಅಂಗಡಿ ನನಗ ಬೇಕಾಗಿಲ್ಲ."

ಅವನು ತಡೆಯಲಿಲ್ಲ.

ಮರುದಿನ ಅವಳ ಮೇಲ್‌ಗೆ ಐದು ಪ್ರತಿಗಳು ಬಂದವು. ಹಿಂದೆ ಅರ್ಜಿ ಹಾಕಿದ್ದ ಐದೂ ಕಡೆಗೆ ಅವನು ಪಿಡಿಎಫ್ ಕಳಿಸಿದ್ದ. ಕೆಳಗೆ ಅಂಗಡಿಯ ಹೆಸರು ಹಾಕಿ ಬರೆದಿದ್ದ: 'ತಪ್ಪು ಅಭ್ಯರ್ಥಿಯದಲ್ಲ, ನನ್ನದು.'

ಓದಿ ಅತ್ತಳು. ಆದರೂ ಹೋಗಲಿಲ್ಲ.

ತಿಂಗಳಾದ ಮೇಲೆ ಒಂದು ಸಂಜೆ ಅಂಗಡಿಯ ಮೆಟ್ಟಿಲು ಹತ್ತಿದಳು. ಕೊರಳಲ್ಲಿ ಉಣ್ಣೆ ಸಂಘದ ಗುರುತಿನ ಚೀಟಿ ಇತ್ತು. ಕನಕರಾಜ ಎದ್ದು ನಿಂತ.

"ಏನರ... ತಿದ್ದೋದೈತೇನು?"

"ಏನೂ ಇಲ್ಲ."

"ಮತ್ತ?"

"ನಿಮ್ಮ ಮ್ಯಾಲ ಸಿಟ್ಟು ಇನ್ನೂ ಐತಿ. ಹೇಳಿ ಹೋಗಾಕ ಬಂದೀನಿ." ಅವಳ ಕಣ್ಣು ತುಂಬಿತ್ತು. "ನಿಮಗೂ ಏನರ ಹೇಳೋದಿದ್ರ, ಈಗರ ಬಾಯಿಬಿಟ್ಟು ಹೇಳ್ರಿ."

"ನೀ ಅಂದ್ರ ನನಗ ಜೀವ, ರೋಜಾ."

"ಇಷ್ಟು ಹೇಳಾಕ ನನ್ನ ಆರು ಅರ್ಜಿ ಬೇಕಾದ್ವೇನು?"

ಅವಳು ಬೆಂಚಿನ ಮೇಲೆ ಕುಳಿತಳು.

"ಚಹಾ ತರಿಸ್ಲೇನು?"

"ತರಸ್ರಿ... ಸಿಟ್ಟು ಇಳಿಯಾಕ ಇನ್ನೂ ಬಾಳ ದಿನ ಹಿಡೀತೈತಿ. ದಿನಾ ಬರಬೇಕು ನಾನು."