ತಿಂಗಳ ಡಬ್ಬಿ

ಹುಲುಗಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೈ ಕಲ್ಲು ಆರಿಸುತ್ತಿತ್ತು, ಕಣ್ಣು ಬಾಗಿಲ ಕಡೆಗಿತ್ತು. ಕೌತಾಳಂ ಊರಿಗೆ ಹೋದ ಗೆಳತಿ ಉಚ್ಚಮ್ಮನಿಂದ ತನ್ನ ಕಾಗದಕ್ಕೆ ಉತ್ತರ ಇನ್ನೂ ಬಂದಿರಲಿಲ್ಲ.

ಪಕ್ಕದಲ್ಲಿ ಅಣ್ಣ ಪಂಪಣ್ಣ ಮೂರು ಬಿಸ್ಕತ್ ಡಬ್ಬಿ ಮುಂದಿಟ್ಟುಕೊಂಡು ಕೂತಿದ್ದ. ಹೈಸ್ಕೂಲಿನವನು. ಟ್ಯೂಷನ್ ಮೇಷ್ಟ್ರು ಹೇಳಿಕೊಟ್ಟ ಜ್ಞಾಪಕವಿದ್ಯೆ ಅವನ ತಲೆಗೇರಿತ್ತು. ಮನೆಯ ನೋಟ್‌ಬುಕ್ಕುಗಳ ರಟ್ಟನ್ನೆಲ್ಲ ಕತ್ತರಿಸಿ ಕಾರ್ಡು ಮಾಡಿದ್ದ. ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ. ಹೊಸ ಕಾರ್ಡು ದಿನದ ಡಬ್ಬಿಗೆ. ಸರಿ ಹೇಳಿದರೆ ವಾರದ ಡಬ್ಬಿಗೆ. ಅಲ್ಲೂ ಸರಿಯಾದರೆ ತಿಂಗಳ ಡಬ್ಬಿಗೆ. ತಪ್ಪಿದರೆ ಮತ್ತೆ ದಿನದ ಡಬ್ಬಿಗೆ.

ಅಷ್ಟೇ ಆಗಿದ್ದರೆ ಮನೆಯವರು ಹೇಗೋ ಬದುಕಿಕೊಳ್ಳುತ್ತಿದ್ದರು. ಮರೆಯಬಾರದೆಂದು ಅವನು ಒಂದೊಂದು ಪಾಠವನ್ನೂ ಮನಸ್ಸಿನಲ್ಲೇ ಮನೆಯ ಒಂದೊಂದು ಜಾಗದಲ್ಲಿ ಕೂಡಿಸಿದ್ದ. ನೀರಿನ ಗಡಿಗೆಯಲ್ಲಿ ಬ್ರಹ್ಮಪುತ್ರಾ ನದಿ. ಒಲೆಯ ಮೇಲೆ ಪಾಣಿಪತ್ ಯುದ್ಧ.

"ಅವ್ವಾ, ಒಲಿ ಮುಟ್ಟಬ್ಯಾಡ! ಯುದ್ಧ ಇನ್ನಾ ಮುಗದಿಲ್ಲ."

"ನಿನ್ನ ಸೈನ್ಯಾನ ಹಿತ್ತಲಿಗೆ ಕಳಸಪಾ, ನಾ ರೊಟ್ಟಿ ಬಡೀಬೇಕು," ಎಂದಳು ಅವ್ವ.

ಅಷ್ಟರಲ್ಲಿ ಪಕ್ಕದ ಮನೆಯ ಕೊಂಡಮ್ಮ ಕೌತಾಳಂ ಬಸ್ಸಿಳಿದು ಬಂದಳು. ಉಚ್ಚಮ್ಮನ ಸೋದರತ್ತೆ ಆಕೆ.

"ಹುಲುಗೀ, ನಮ್ಮ ಉಚ್ಚಮ್ಮ ನಿನ್ನ ಜೋಡಿ ಟೂ ಬಿಟ್ಟಾಳ ನೋಡು. ನಾ ಕಾಗದ ಬರದ್ರೂ ಆಕಿ ಉತ್ತರಾ ಬರೀಲಿಲ್ಲ ಅಂತ ಮುಖ ಊದಿಸ್ಯಾಳ."

ಹುಲುಗಿಯ ಕೈಯಿಂದ ಮೊರ ಜಾರಿತು. "ಬರದೀನಿ! ಯಣ್ಣಾ, ಪೋಸ್ಟ್ ಡಬ್ಬಿಗೆ ಹಾಕು ಅಂತ ನಿನ್ನ ಕೈಯಾಗ ಕೊಟ್ಟಿದ್ನೆಲ್ಲ?"

ಪಂಪಣ್ಣ ಕಣ್ಣು ಮುಚ್ಚಿದ. "ಬಾಗಲ ಮ್ಯಾಲ ಉಚ್ಚಮ್ಮ ಕುಂತಾಳ. ಕೆಂಪು ಲಂಗ. ಬಾಯಾಗ ಇನ್‌ಲ್ಯಾಂಡ್ ಲೆಟರ್. ಹುಲುಗಿ ಕಾಗದ, ಹತ್ತಿ ಮಾರ್ಕೆಟ್ ಮುಂದಿನ ಡಬ್ಬಿಗೆ ಹಾಕಬೇಕು. ಕರೆಕ್ಟ್!"

"ಹಾಕಿದೇನು?"

"ಒಮ್ಮೆನೂ ತಪ್ಪಿಲ್ಲ ಆ ಕಾರ್ಡು! ದಿನದ್ದು, ವಾರದ್ದು ದಾಟಿ ತಿಂಗಳ ಡಬ್ಬಿಗೆ ಪಾಸಾಗೇತಿ."

"ದಿನಾ ಆ ಪೋಸ್ಟ್ ಡಬ್ಬಿ ಮುಂದ ಹಾದು ಸ್ಕೂಲಿಗೆ ಹೋಗ್ತಿಯಲ್ಲೋ!"

"ಹೂಂ, ಅದನ್ನ ನೋಡಿದ ಕೂಡಲೆ ನೆನಪಾಗ್ತೈತಿ!"

ಹೆಮ್ಮೆಯಿಂದ ಡಬ್ಬಿ ತೆರೆದು ತೋರಿಸಿದ. ಕಾರ್ಡಿನ ಕೆಳಗೆ ಕಾಗದ ತಣ್ಣಗೆ ಮಲಗಿತ್ತು.

ಕೊಂಡಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಹುಲುಗಿಗೆ ನಗು ಬರಲಿಲ್ಲ. ಅಣ್ಣ ಸುಳ್ಳು ಹೇಳಿರಲಿಲ್ಲ. "ನನ್ನ ಕಾಗದ ನೆನಪೈತೇನಣ್ಣಾ?" ಎಂದೇ ಅವಳು ಕೇಳುತ್ತಿದ್ದಳು. "ಐತಿ" ಎಂದರೆ ಹೋಯಿತೆಂದೇ ತಿಳಿದು ಆಡಲು ಓಡುತ್ತಿದ್ದಳು. "ಹಾಕಿದೇನು?" ಎಂದು ಕೇಳಿದ್ದು ಇವತ್ತೇ.

ಪೆನ್ಸಿಲ್ ತೆಗೆದುಕೊಂಡು ಕಾಗದದ ಹಿಂಬದಿಗೆ ಸಣ್ಣಗೆ ಬರೆದಳು: "ನಾನು ಮರೆತಿರಲಿಲ್ಲ." ಅದನ್ನೇ ಸ್ವಲ್ಪ ಹೊತ್ತು ನೋಡಿದಳು. ಹೊಡೆದುಹಾಕಿ, "ತಡ ಆತು. ಸಿಟ್ಟಾಗಬ್ಯಾಡ," ಎಂದು ಬರೆದಳು.

"ಏ, ಈ ಕಾರ್ಡು ಈಗ ಯಾವ ಡಬ್ಬಿಗೆ ಹಾಕ್ಲಿ?" ಪಂಪಣ್ಣ ಹಿಂದಿನಿಂದ ಕೂಗಿದ.

"ಒಲಿಗೆ ಹಾಕು," ಎಂದಳು ಅವ್ವ. "ಅಲ್ಲಿ ಯುದ್ಧ ನಡದೈತೆಲ್ಲ."

ಹುಲುಗಿ ಆಗಲೇ ಬೀದಿಯಲ್ಲಿದ್ದಳು. ಹತ್ತಿ ಗಾಡಿಗಳ ಸಂದಿಯಲ್ಲಿ ನುಗ್ಗಿ, ಕೆಂಪು ಡಬ್ಬಿಯ ಮುಂದೆ ತುದಿಗಾಲಲ್ಲಿ ನಿಂತು ಕಾಗದ ಬಿಟ್ಟಳು. ಒಳಗೆ ಟಪ್ಪೆಂದು ಬಿದ್ದ ಸದ್ದು ಕೇಳಿದ ಮೇಲೆಯೇ ಕೈ ಹೊರಗೆ ತೆಗೆದಳು.