ಬಾಗಿಲಿಗೆ ಒರಗಿಸಿದ ಶಿಲುಬೆ

ಫೆಬ್ರವರಿಯ ಎರಡನೇ ಶನಿವಾರ ಬೆಳಿಗ್ಗೆ ಆ ಗಲ್ಫ್ ನಗರದ ಠಾಣೆಗೆ ಬಂದ ಮ್ಯಾಗ್ಡಲಿನ್ ಎಂಟು ತಿಂಗಳ ಗರ್ಭಿಣಿ. ಕುರ್ಚಿ ಕೊಟ್ಟರೂ ಕೂರಲಿಲ್ಲ. ಗಂಡ ಸಮುದ್ರದ ತೈಲ ರಿಗ್ಗಿನಲ್ಲಿ, ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಫ್ಲ್ಯಾಟಿನಲ್ಲಿ ಅವಳೊಬ್ಬಳೇ. ಬಾಗಿಲಿಗೆ ಯಾರೋ ಮರದ ಶಿಲುಬೆ ಒರಗಿಸಿ ಹೋಗಿದ್ದರು. ಗೋರಿಯ ಮೇಲೆ ನೆಡುವಂಥದ್ದು, ಮಗುವಿನ ಅಳತೆಯದು. ಅದರ ಮೇಲೆ ಅವಳದೇ ಹೆಸರು.

ಇನ್ಸ್‌ಪೆಕ್ಟರ್ ಸಯೀದ್ ಅರಬ್ಬಿಯಲ್ಲಿ ಕೇಳಿದ. ಉಪ್ಪಿನಂಗಡಿಯವನಾದ ದುಭಾಷಿ ಜಾಬಿರ್ ಅದನ್ನು ಕನ್ನಡಕ್ಕಿಳಿಸಿದ.

“ಯಾರ ಮೇಲಾದ್ರೂ ಸಂಶಯ ಉಂಟಾ?”

“ಇಲ್ಲ ಸರ್. ನಸುಕಿಗೆ ಬೆಲ್ ಆಯ್ತು. ಬಾಗಿಲಾಚೆಯಿಂದ ‘ಆ ಹೆಸರು ಬಿಡು’ ಅಂತ ಯಾರೋ ಪಿಸುಗುಟ್ಟಿದ್ರು. ಆಗಿಂದ ಮಗು ಮಿಸುಕಾಡ್ತದಾ ಅಂತ ಹೊಟ್ಟೆ ಮುಟ್ಟಿ ಮುಟ್ಟಿ ನೋಡ್ತಾ ಇದ್ದೇನೆ.”

ದೂರು ದಾಖಲಾಯಿತು, ಸ್ಥಳ ಮಹಜರೂ ನಡೆಯಿತು. ಕ್ಯಾಮರಾದಲ್ಲಿ ಸಿಕ್ಕಿದ್ದು ಟೋಪಿ, ಮಾಸ್ಕು ಮಾತ್ರ. ಆದರೆ ಶಿಲುಬೆಯ ವಾರ್ನಿಶ್ ಇನ್ನೂ ಮೂಗಿಗೆ ಹೊಡೆಯುತ್ತಿತ್ತು. ಕೆತ್ತಿದ ಇಸವಿ ಮಾತ್ರ ಸಯೀದನ ತಲೆ ತಿಂದಿತು: 1986–1990. ದೂರುದಾರಳು ಹುಟ್ಟಿದ್ದೇ 1991ರಲ್ಲಿ. ಕೊಲ್ಲುತ್ತೇನೆನ್ನುವವನು ಅವಳನ್ನು ಹುಟ್ಟುವ ಮೊದಲೇ ಏಕೆ ಸಾಯಿಸುತ್ತಾನೆ? ಬಡಗಿಯ ಕಣ್ತಪ್ಪಿರಬೇಕು ಎಂದುಕೊಂಡ.

ಮರಗೆಲಸದ ಅಂಗಡಿಗಳನ್ನು ಸುತ್ತಿ ಮರುದಿನ ಶಿಲುಬೆ ಕೆತ್ತಿದ ಬಾಗಲಕೋಟೆಯ ನಿಂಗರಾಜನನ್ನು ಹಿಡಿದರು.

“ಇಸ್ವಿ ತಪ್ಪಿದ್ದಾ?”

“ಇಲ್ರೀ ಸಾಹೇಬ್ರ. ಮಾಡಿಸಿದವ್ರs ಎರಡು ಸಲ ಓದಿ ನೋಡಿದ್ರು. ಅಕ್ಷರ ಕೊರ್ಯೂ ಮುಂದ ಅಲ್ಲೇ ಕುಂತು ಅತ್ರು.”

ಬೆದರಿಸುವವನು ಅಳುವುದನ್ನು ಸಯೀದ್ ಕಂಡಿರಲಿಲ್ಲ. ಗಿರಾಕಿಯ ಮೊಬೈಲ್ ನಂಬರ್ ಬರೆದುಕೊಂಡು ಜಾಬಿರ್‌ನೊಂದಿಗೆ ನೇರ ಮ್ಯಾಗ್ಡಲಿನಳ ಮನೆಗೆ ಬಂದ.

“ನಿಮಗೆ ಈ ಹೆಸರು ಎಲ್ಲಿಂದ ಬಂತು?”

ಅವಳ ಮುಖಕ್ಕೆ ಒಂದಿಷ್ಟು ಗೆಲುವು ಬಂತು. ಅಜ್ಜಿಯ ಕಡೆಯವರು ಹಿಂದೆ ಮಾಹೆ ಎಂಬ ಕರಾವಳಿ ಊರಿಗೆ ಬಂದು ನೆಲೆಸಿದ ಫ್ರೆಂಚರು. ಎರಡು ವರ್ಷದಿಂದ ಅವಳು ಹಳೆಯ ಚರ್ಚ್ ದಾಖಲೆಗಳಲ್ಲಿ ಅವರದೇ ಜಾಡು ಹಿಡಿದಿದ್ದಳು.

“ನಮ್ಮಲ್ಲಿ ತಲೆಮಾರಿಗೊಬ್ಬಳು ಮ್ಯಾಗ್ಡಲಿನ್ ಇರಲೇಬೇಕು ಸರ್. ನನ್ನ ಮಗಳಿಗೂ ಅದೇ ಇಡ್ತೇನೆ ಅಂತ ಮೊನ್ನೆ ಶುಕ್ರವಾರ ಚರ್ಚಿಂದ ಬಂದವಳು ಮನೆಯವರಿಗೆಲ್ಲ ಹೇಳಿದ್ದೆ.”

“ಆ ಹೆಸರಿನ ಮಗು ತೀರಿಹೋದರೆ?”

“ಆಮೇಲೆ ಹುಟ್ಟಿದವಳಿಗೆ ಅದನ್ನೇ...”

ಹಳೆಯ ಕಾಲದವರಲ್ಲಿ ಒಂದೇ ಹೆಸರಿನ ಅಂಥ ಎಷ್ಟೋ ಅಕ್ಕ-ತಂಗಿಯರ ಜೋಡಿಗಳನ್ನು ಅವಳೇ ಹುಡುಕಿ ತೆಗೆದಿದ್ದಳು. ತನ್ನ ಮನೆಯಲ್ಲೇ ಒಂದು ಇದ್ದೀತೆಂದು ಹೊಳೆದಿರಲಿಲ್ಲ. ಜಾಬಿರ್ ನಂಬರ್ ಮುಂದಿಟ್ಟ.

“ಇದು ನನ್ನಣ್ಣ ಪಾಸ್ಕಲಂದು,” ಎಂದಳು.

ಸಂಜೆ ಅಲ್ ಥುಮಾಮಾ ಬಡಾವಣೆಯ ಕೋಣೆಯಲ್ಲಿ ಪಾಸ್ಕಲನನ್ನು ಬಂಧಿಸಿದರು. ಅವನು ತಕರಾರು ಮಾಡಲಿಲ್ಲ.

“ಶಿಲುಬೆ ಇಟ್ಟದ್ದು ನೀವಾ?”

“ಹೌದು.”

“ಎಂತಕ್ಕೆ?”

“ನಂಗಾಗ ಏಳು ವರ್ಷ. ತಂಗಿ ಜ್ವರ ಬಂದು ಹೋದ್ಳು. ಮರುವರ್ಷ ಹುಟ್ಟಿದ ಇವಳ ತೊಟ್ಟಿಲಿಗೆ ಅದೇ ಹೆಸರು ಇಟ್ರು. ಆಮೇಲೆ ಸತ್ತವಳ ಸುದ್ದಿಯನ್ನೇ ಯಾರೂ ಎತ್ತಲಿಲ್ಲ. ಈಗ ಮೂರನೆಯವಳು ಬಂದ್ರೆ ಮೊದಲನೆಯವಳು ಇದ್ದದ್ದೇ ಸುಳ್ಳಾಗ್ತದೆ ಸರ್. ಹೆದರಿಸಿದ್ರೆ ಇವಳು ಹೆಸರು ಬಿಟ್ಟಾಳು ಅಂತ ಮಾಡಿದೆ.”

ಠಾಣೆಯ ಮೆಟ್ಟಿಲ ಬಳಿ ಮ್ಯಾಗ್ಡಲಿನ್ ಕಾದಿದ್ದಳು. ಬೈದಾಳೆಂದು ಪಾಸ್ಕಲ್ ತಲೆ ತಗ್ಗಿಸಿದ.

“ಅಣ್ಣಾ, ಅವಳು ಹೇಗಿದ್ಳು?”

ಮೂವತ್ತೈದು ವರ್ಷದಲ್ಲಿ ಯಾರೂ ಅವನನ್ನು ಇದನ್ನು ಕೇಳಿರಲಿಲ್ಲ. ಒಳಗೆ ಕರೆದೊಯ್ಯಲು ಬಂದ ಪೇದೆಯನ್ನು ಸಯೀದ್ ಕಣ್ಣಲ್ಲೇ ತಡೆದ. ಪಾಸ್ಕಲ್ ಮೆಟ್ಟಿಲ ಮೇಲೆ ಕುಳಿತು ಹೇಳತೊಡಗಿದ.